ಗಜನಿಯ ಮೇಲೆ ಹಾಸಿದ ಟ್ರೇಸಿಂಗ್ ಹಾಳೆ: ಲೀಫ್‌ಲೆಟ್ ಬಳಸಿದ ಒಂದು ವರ್ಷ

ಶಿರಸಿಯಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಮೊದಲು ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಜಿನ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ಬರೆಯುತ್ತಿದ್ದೆ, ಈಗ ಎಲ್ಲವೂ ಕಂಪ್ಯೂಟರ್. ತವರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಹಿನ್ನೀರಿಗೆ ತಾಗಿದ ಗಜನಿ ಬಯಲಿನ ಅಂಚಿಗೆ. ಗಜನಿ ಎಂದರೆ ಉಪ್ಪುನೀರು ಹತ್ತಿ ಇಳಿಯುವ ಜಾಗದಲ್ಲಿ ಕಟ್ಟೆ ಕಟ್ಟಿ ಮಾಡಿಕೊಂಡ ಗದ್ದೆ. ಮಳೆಗಾಲದಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ಸಿಗಡಿ, ಮೀನು. ಕಟ್ಟೆ ಒಬ್ಬರದಲ್ಲ, ಊರಿನದು. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು.

ಕಳೆದ ವರ್ಷ ಮಾರ್ಚಿನಲ್ಲಿ ಅಪ್ಪ ಫೋನ್ ಮಾಡಿದ. "ಕಟ್ಟೆ ದುರಸ್ತಿಗೆ ಎಲ್ಲರೂ ಸೇರಿ ಅರ್ಜಿ ಕೊಡುತ್ತಿದ್ದೇವೆ. ಹಳೆಯ ಊರ ನಕ್ಷೆಯಲ್ಲಿ ಕಟ್ಟೆ ಒಂದು ಕಡೆ ಇದೆ, ಈಗ ಇರುವುದು ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ತೋರಿಸಲು ನಿನ್ನಿಂದ ಆಗುತ್ತದೆಯೇ?" ಬೆಳಕಿನ ಮೇಜಿನ ಮೇಲಾದರೆ ಅರ್ಧ ಗಂಟೆಯ ಕೆಲಸ. ಆದರೆ ಅದನ್ನು ನಲವತ್ತು ಮನೆಯವರು ತಮ್ಮ ತಮ್ಮ ಮೊಬೈಲಿನಲ್ಲಿ ನೋಡಬೇಕಿತ್ತು. ಹಾಗೆ ನಾನು ಲೀಫ್‌ಲೆಟ್ ಹಿಡಿದೆ. ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ನಮ್ಮ ಜಿಲ್ಲೆಯಲ್ಲಿ ಇಂಥದೇ ಅಗತ್ಯ ಇರುವವರು ಇನ್ನೂ ಬಹಳ ಜನ ಇದ್ದಾರೆ, ಅವರಿಗೆ ನನ್ನಷ್ಟು ಅಲೆದಾಟ ಬೇಡ ಎಂಬ ಆಸೆ.

ಲೀಫ್‌ಲೆಟ್ ವೆಬ್ ಪುಟದಲ್ಲಿ ಎಳೆದಾಡಬಹುದಾದ, ಹಿಗ್ಗಿಸಿ ಕುಗ್ಗಿಸಬಹುದಾದ ನಕ್ಷೆಯನ್ನು ತೋರಿಸುವ ಜಾವಾಸ್ಕ್ರಿಪ್ಟ್ ಸಾಧನ. ಉಕ್ರೇನಿನ ವೊಲೊದಿಮಿರ್ ಅಗಾಫೊನ್ಕಿನ್ 2011ರಲ್ಲಿ ಹೊರತಂದದ್ದು. ಹಣ ಕೊಡಬೇಕಾಗಿಲ್ಲ, ಮೂಲ ಸಂಕೇತವೂ ತೆರೆದೇ ಇದೆ. ಸಂಕುಚಿತ ರೂಪದಲ್ಲಿ ಸುಮಾರು 42 ಕಿಲೋಬೈಟ್, ಅಂದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಫೋಟೋಗಿಂತ ಕಡಿಮೆ. ನಾನು ಬಳಸಿದ್ದು 1.9.4ನೇ ಆವೃತ್ತಿ. ಅದರ ಎಲ್ಲ ಗುಣವನ್ನೂ ತೂಗುವುದಕ್ಕೆ ಹೋಗುವುದಿಲ್ಲ. ನಕ್ಷೆ ಸರ್ವರ್ ಕೊಡುವ ಚಿತ್ರವನ್ನು ಪದರವಾಗಿ ಹೊದೆಸುವ ಕೆಲಸದಲ್ಲಿ ಅದು ಹೇಗಿದೆ ಎಂಬುದಷ್ಟೇ ನನ್ನ ವಿಷಯ.

ಆ ಕೆಲಸದ ಹೆಸರು ಡಬ್ಲ್ಯುಎಂಎಸ್, ವೆಬ್ ಮ್ಯಾಪ್ ಸರ್ವಿಸ್. ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2000ದಲ್ಲಿ ಇದರ ಮೊದಲ ಆವೃತ್ತಿಯನ್ನು ಗೊತ್ತುಮಾಡಿತು. ಕೇಳುವ ರೀತಿ ಸರಳ. ನೆಲದ ಯಾವ ಚೌಕ, ಯಾವ ಪದರ, ಚಿತ್ರ ಎಷ್ಟು ಅಗಲ ಎಷ್ಟು ಎತ್ತರ, ಯಾವ ಬಗೆಯ ಕಡತ ಎಂದು ಒಂದೇ ಸಾಲಿನ ವಿಳಾಸದಲ್ಲಿ ಬರೆದು ಕಳಿಸಿದರೆ ಸರ್ವರ್ ಆ ಕ್ಷಣಕ್ಕೆ ಚಿತ್ರ ಬಿಡಿಸಿ ಕೊಡುತ್ತದೆ. ಮೂಲ ದತ್ತಾಂಶ ಅವರ ಬಳಿಯೇ ಉಳಿಯುತ್ತದೆ, ನಮಗೆ ಬರುವುದು ಅದರ ನೋಟ. ಟ್ರೇಸಿಂಗ್ ಹಾಳೆಯೊಂದಿಗೆ ಬಾಳಿದ ನನಗೆ ಇದು ಬಹಳ ಬೇಗ ಒಗ್ಗಿತು. ಇಸ್ರೋದ ನಕ್ಷೆ ತಾಣವಾದ ಭುವನ್ ಕೂಡ ನೆಲಬಳಕೆಯಂಥ ವಿಷಯ ನಕ್ಷೆಗಳನ್ನು ಇದೇ ದಾರಿಯಲ್ಲಿ ಕೊಡುತ್ತದೆ. ನಾಸಾದ ಗಿಬ್ಸ್ ಎಂಬ ಸೇವೆ ಪ್ರತಿದಿನದ ಉಪಗ್ರಹ ಚಿತ್ರವನ್ನು ತಾರೀಖಿನ ಸಮೇತ ಕೊಡುತ್ತದೆ. ಬೇರೆ ಬೇರೆ ಊರಿನ ಹಾಳೆಗಳು ಒಂದೇ ಮೇಜಿನ ಮೇಲೆ ಬಂದು ಒಂದರ ಮೇಲೊಂದು ಸರಿಯಾಗಿ ಕೂರುವುದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ನಮ್ಮ ಊರ ನಕ್ಷೆಯನ್ನು ಮಾತ್ರ ನಾನೇ ತಯಾರು ಮಾಡಬೇಕಾಯಿತು. ಮಡಿಕೆಯ ಕಡೆ ಹರಿದಿದ್ದ ಹಾಳೆಯನ್ನು ಸ್ಕ್ಯಾನ್ ಮಾಡಿಸಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ದೇವಸ್ಥಾನದ ಕೆರೆಯ ಮೂಲೆಗಳು, ಹಳೆಯ ಮೋರಿ, ಮೂರು ದಾರಿ ಕೂಡುವ ಜಾಗ ಹೀಗೆ ಹನ್ನೊಂದು ಗುರುತುಗಳಿಗೆ ಅಕ್ಷಾಂಶ ರೇಖಾಂಶ ಕಟ್ಟಿದೆ. ತಿಂಗಳಿಗೆ ಎಂಟುನೂರು ರೂಪಾಯಿ ಬಾಡಿಗೆಯ ಸಣ್ಣ ಸರ್ವರಿನಲ್ಲಿ, ನಕ್ಷೆಗಳನ್ನು ಡಬ್ಲ್ಯುಎಂಎಸ್ ಆಗಿ ಕೊಡುವ ಜಿಯೋಸರ್ವರ್ ತಂತ್ರಾಂಶ ಕೂರಿಸಿ ಅದನ್ನು ಏರಿಸಿದೆ. ಜೊತೆಗೆ ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದ, ಮೋಡವಿಲ್ಲದ ದಿನದ ಒಂದು ಚಿತ್ರವನ್ನೂ ಹಾಕಿದೆ. ಅದೂ ಉಚಿತವಾಗಿಯೇ ಸಿಗುತ್ತದೆ.

ಮೊದಲ ದಿನ ಲೀಫ್‌ಲೆಟ್ ನನ್ನನ್ನು ಮಧ್ಯಾಹ್ನದ ಊಟ ಬಿಡಿಸಿತು. ಪದರ ಸೇರಿಸುವುದು ಐದಾರು ಸಾಲಿನ ಕೆಲಸ, ಬರೆದೆ, ಹಳೆಯ ನಕ್ಷೆ ಬಂತು. ಆದರೆ ಅದರ ಅಡಿಗಿದ್ದ ಎಲ್ಲವೂ ಮಾಯ. ಊರಿನ ಗಡಿಯ ಆಚೆಗೆ ಬಿಳಿ ಸುಣ್ಣ ಬಳಿದಂತೆ ಖಾಲಿ. ಸರ್ವರ್ ಕೆಟ್ಟಿದೆಯೆಂದು ಎರಡು ಗಂಟೆ ಅದರೊಳಗೇ ಹುಡುಕಿದೆ. ಕಾರಣ ಇದ್ದದ್ದು ಬೇರೆ ಕಡೆ. ನೀವು ಏನೂ ಹೇಳದಿದ್ದರೆ ಲೀಫ್‌ಲೆಟ್ ಜೆಪೆಗ್ ಚಿತ್ರ ಕೇಳುತ್ತದೆ, ಪಾರದರ್ಶಕ ಬೇಡ ಎನ್ನುತ್ತದೆ. ಜೆಪೆಗ್‌ಗೆ ಪಾರದರ್ಶಕತೆ ಎಂಬುದೇ ಇಲ್ಲ, ಹಾಗಾಗಿ ಏನೂ ಇಲ್ಲದ ಜಾಗವೂ ಬಿಳಿ ಬಣ್ಣವಾಗಿ ಬರುತ್ತದೆ. ಪಿಎನ್‌ಜಿ ಎಂದು ಒಂದು ಸಾಲು, ಪಾರದರ್ಶಕ ಬೇಕು ಎಂದು ಇನ್ನೊಂದು ಸಾಲು ಸೇರಿಸಿದ್ದೇ ತಡ, ಬಿಳಿ ಹಾಳೆ ಟ್ರೇಸಿಂಗ್ ಹಾಳೆಯಾಯಿತು. ಹೊಸದಾಗಿ ಶುರುಮಾಡುವವರು ಈ ಎರಡು ಸಾಲನ್ನು ಮರೆಯಬೇಡಿ. ತಳದಲ್ಲಿ ಹಾಕುವ ಉಪಗ್ರಹ ಚಿತ್ರಕ್ಕೆ ಜೆಪೆಗ್ ಇರಲಿ, ಹಗುರವಾಗುತ್ತದೆ. ಮೇಲೆ ಹೊದೆಸುವುದಕ್ಕೆಲ್ಲ ಪಿಎನ್‌ಜಿ.

ಎರಡನೆಯ ತೊಡಕು ಅಕ್ಷಗಳದು. ಡಬ್ಲ್ಯುಎಂಎಸ್‌ನ 1.1.1 ಆವೃತ್ತಿಯಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. 1.3.0 ಬಂದ ಮೇಲೆ, ಇಪಿಎಸ್‌ಜಿ 4326 ಎಂಬ ಸಾಮಾನ್ಯ ಅಕ್ಷಾಂಶ-ರೇಖಾಂಶ ಪದ್ಧತಿಗೆ ಈ ಕ್ರಮ ತಿರುಗಿತು. ನಾನು ವಿಳಾಸವನ್ನು ಕೈಯಿಂದ ಬರೆದು ಪರೀಕ್ಷಿಸುವಾಗ ಹೊಸ ಆವೃತ್ತಿಗೆ ಹಳೆಯ ಕ್ರಮದಲ್ಲಿ ಅಂಕಿ ಕೊಟ್ಟೆ. ಶಿರಸಿ ಇರುವುದು ಸುಮಾರು 14.6 ಉತ್ತರ, 74.8 ಪೂರ್ವದಲ್ಲಿ. ತಿರುಗಿಸಿ ಕೊಟ್ಟರೆ 74.8 ಉತ್ತರ, 14.6 ಪೂರ್ವ. ಅದು ನಾರ್ವೆಗೂ ಉತ್ತರದ ಹಿಮಸಮುದ್ರ! ಸರ್ವರ್ ತಪ್ಪೆಂದು ಹೇಳುವುದಿಲ್ಲ, ಕೇಳಿದ ಜಾಗದ ಖಾಲಿ ಚಿತ್ರವನ್ನು ಮರ್ಯಾದೆಯಿಂದ ಕೊಡುತ್ತದೆ. ಲೀಫ್‌ಲೆಟ್ ತಾನಾಗಿ 1.1.1ನ್ನೇ ಬಳಸುತ್ತದೆ, 1.3.0 ಎಂದು ಹೇಳಿದರೂ ಕ್ರಮವನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಈ ಒಂದು ಉಪಕಾರಕ್ಕೆ ನಾನು ಅದಕ್ಕೆ ಋಣಿ. ಕೈಯಿಂದ ಬರೆಯುವಾಗ ಎಚ್ಚರ ಇರಲಿ.

ಮೇ ತಿಂಗಳ ಎರಡನೇ ವಾರ ಊರಿನಲ್ಲಿ ಸಭೆ. ಶಾಲೆಯ ಜಗಲಿಯಲ್ಲಿ ಇಪ್ಪತ್ತು ಜನ. ನಾನು ತಂದ ಟ್ಯಾಬ್ಲೆಟ್ ಒಬ್ಬರಿಂದ ಒಬ್ಬರಿಗೆ ಹೋಯಿತು. ಪದರಗಳನ್ನು ಹಾಕುವ ತೆಗೆಯುವ ಪೆಟ್ಟಿಗೆ ಲೀಫ್‌ಲೆಟ್‌ನಲ್ಲೇ ಇದೆ. ತಳದ ನಕ್ಷೆಗಳಲ್ಲಿ ಯಾವುದಾದರೂ ಒಂದು, ಮೇಲಿನ ಪದರಗಳಲ್ಲಿ ಬೇಕಾದಷ್ಟು. ಆದರೆ ಹಾಕು–ತೆಗೆ ಮಾಡಿದರೆ ಹಿರಿಯರಿಗೆ ಏನೂ ಹೊಳೆಯಲಿಲ್ಲ. ಒಂದು ಚಿತ್ರ ಹೋಗಿ ಇನ್ನೊಂದು ಬಂದಾಗ ಕಣ್ಣಿಗೆ ಹಿಡಿತ ತಪ್ಪುತ್ತದೆ. ಮಸುಕು ಮಾಡುವ ಎಳೆಪಟ್ಟಿ ಲೀಫ್‌ಲೆಟ್‌ನ ಜೊತೆಗೆ ಬರುವುದಿಲ್ಲ. ಆದರೆ ಪದರದ ಮಸುಕನ್ನು ಬದಲಿಸುವ ಆಜ್ಞೆ ಇದೆ, ಅದಕ್ಕೊಂದು ಪಟ್ಟಿ ಕಟ್ಟಲು ನನಗೆ ಮೂರೇ ಸಾಲು ಸಾಕಾಯಿತು. ಹಿಂದಿನ ರಾತ್ರಿಯಷ್ಟೇ ಅದನ್ನು ಸೇರಿಸಿದ್ದೆ.

ಎಪ್ಪತ್ತು ದಾಟಿದ ಹಿರಿಯರೊಬ್ಬರು ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ನಿಧಾನ ಎಳೆದರು. ಹಳೆಯ ನಕ್ಷೆಯ ಕಂದು ಗೆರೆಗಳು ಕರಗುತ್ತಾ ಹೋಗಿ, ಅಡಿಯಿಂದ ನೀರಿನ ಕಪ್ಪು, ಗದ್ದೆಯ ಮಸುಕು ಹಸಿರು ಎದ್ದವು. ಮತ್ತೆ ಹಿಂದಕ್ಕೆ ಎಳೆದರು. ಅರ್ಧದಲ್ಲಿ ನಿಲ್ಲಿಸಿದರು. ಎರಡೂ ಒಟ್ಟಿಗೆ ಕಾಣುತ್ತಿದ್ದವು. ಹಳೆಯ ಕಟ್ಟೆಯ ಗೆರೆ ನೆಟ್ಟಗೆ ಹೋಗುತ್ತದೆ, ಈಗಿನ ಕಟ್ಟೆ ಒಂದು ಕಡೆ ಒಳಗೆ ಬಾಗಿ ಮತ್ತೆ ಬಂದು ಅದನ್ನು ಸೇರುತ್ತದೆ. ಎರಡರ ನಡುವೆ ಕಡು ಹಸಿರಿನ ಒಂದು ತುಂಡು. "ತಂಗೀ, ಇದು ಕಾಂಡ್ಲಾ" ಎಂದರು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. "ಇಲ್ಲಿಯೇ ಒಡೆದದ್ದು. ಮತ್ತೆ ಅದೇ ಜಾಗಕ್ಕೆ ಕಟ್ಟಲು ಆಗದೆ ಒಳಗೆ ಸರಿದು ಕಟ್ಟಿದೆವು. ಹೊರಗೆ ಉಳಿದ ಗದ್ದೆಗೆ ಕಾಂಡ್ಲಾ ಬಂತು." ಆಮೇಲೆ ಎಷ್ಟು ಹೋಯಿತು ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಚಿತ್ರದಲ್ಲೇ ಇತ್ತು. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಹಳಬರ ಅಳತೆ ಇನ್ನೂ ಆ ಕಡೆಯದೇ. 33 ಅಡಿಯ ಸರಪಳಿ, ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಸೆಂಟಿನೆಲ್-2ರ ಒಂದು ಚುಕ್ಕೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. 33 ಅಡಿ ಎಂದರೂ ಹತ್ತು ಮೀಟರಿಗೆ ಮೂರು ಬೆರಳಗಲ ಹೆಚ್ಚು. ಅಂದರೆ ಉಪಗ್ರಹದ ಒಂದು ಚುಕ್ಕೆ ನಮ್ಮ ಒಂದು ಗುಂಟೆ! ನಕ್ಷೆಯನ್ನು 17ನೇ ಹಂತಕ್ಕೆ ಹಿಗ್ಗಿಸಿದೆ. ಚುಕ್ಕೆಗಳು ಬಿಡಿ ಬಿಡಿ ಚೌಕಗಳಾಗಿ ಕಂಡವು. ಹಿರಿಯರು ಕಡು ಹಸಿರಿನ ಚೌಕಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದರು, ಮಧ್ಯೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. ಮೂವತ್ತೊಂದು. "ಮುಕ್ಕಾಲು ಎಕರೆ" ಎಂದರು. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ನಾನು ಈ ಸಾಧನಕ್ಕೆ ಐದರಲ್ಲಿ ನಾಲ್ಕೂವರೆ ಕೊಡುವುದು ಆ ಹೊತ್ತಿನ ಲೆಕ್ಕದಿಂದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೀಗೆ ಎಣಿಸಿದ್ದು ಅಂದಾಜು, ಗಡಿಯ ತಕರಾರಿಗೆ ಇದು ದಾಖಲೆಯಲ್ಲ, ಅದಕ್ಕೆ ಸರ್ವೇಯವರೇ ಬಂದು ಅಳೆಯಬೇಕು. ವೆಬ್ ನಕ್ಷೆಗಳು ಬಳಸುವ ಇಪಿಎಸ್‌ಜಿ 3857 ಎಂಬ ಪದ್ಧತಿ ಸಮಭಾಜಕದಿಂದ ದೂರ ಹೋದಂತೆ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ನಮ್ಮ ಅಕ್ಷಾಂಶದಲ್ಲಿ ಉದ್ದ ಶೇಕಡಾ 3ಕ್ಕೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ತೆರೆಯ ಅಳತೆಯಿಂದ ನೇರ ಲೆಕ್ಕ ಹಾಕಿದರೆ 40 ಗುಂಟೆಯ ಎಕರೆ 42.7 ಗುಂಟೆಯಾಗಿ ಕಾಣುತ್ತದೆ. ಅಣ್ಣ ತಮ್ಮಂದಿರನ್ನು ಕೋರ್ಟಿಗೆ ಹತ್ತಿಸಲು ಅಷ್ಟು ಸಾಕು. ಲೀಫ್‌ಲೆಟ್‌ನ ದೂರ ಅಳೆಯುವ ಆಜ್ಞೆ ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದೇ ಉತ್ತರ ಕೊಡುತ್ತದೆ, ಅದನ್ನೇ ಬಳಸಿ.

ಇನ್ನು ನೆಟ್‌ವರ್ಕ್. ನಮ್ಮೂರಿನಲ್ಲಿ ಸಿಗ್ನಲ್ ಬೇಕಾದರೆ ಕಟ್ಟೆಯ ಮೇಲೆ ಹತ್ತಬೇಕು. ಲೀಫ್‌ಲೆಟ್ ಡಬ್ಲ್ಯುಎಂಎಸ್ ಚಿತ್ರವನ್ನು 256 ಪಿಕ್ಸೆಲ್‌ನ ಚೌಕ ತುಂಡುಗಳಾಗಿ ಕೇಳುತ್ತದೆ. ಒಂದು ಮೊಬೈಲ್ ತೆರೆ ತುಂಬಲು ಒಂದು ಪದರಕ್ಕೆ ಹತ್ತು ಹನ್ನೆರಡು ತುಂಡು. ಮೂರು ಪದರವಿದ್ದರೆ ಮೂವತ್ತಕ್ಕೂ ಹೆಚ್ಚು ಕೋರಿಕೆ, ಪ್ರತಿಯೊಂದಕ್ಕೂ ಸರ್ವರ್ ಹೊಸದಾಗಿ ಚಿತ್ರ ಬಿಡಿಸಬೇಕು. ಮೊದಲ ವಾರ ತುಂಡುಗಳು ಒಡೆದ ಹಂಚಿನ ಹಾಗೆ ಅಲ್ಲೊಂದು ಇಲ್ಲೊಂದು ಬಂದು ನಿಲ್ಲುತ್ತಿದ್ದವು. ತುಂಡಿನ ಅಳತೆಯನ್ನು 512ಕ್ಕೆ ಏರಿಸಿದೆ, ಕೋರಿಕೆಗಳು ನಾಲ್ಕನೇ ಒಂದಕ್ಕೆ ಹತ್ತಿರ ಇಳಿದವು. ಜಿಯೋಸರ್ವರ್‌ನೊಳಗೇ ಇರುವ ಜಿಯೋವೆಬ್‌ಕ್ಯಾಷ್ ಒಮ್ಮೆ ಬಿಡಿಸಿದ ತುಂಡನ್ನು ಕೂಡಿಟ್ಟುಕೊಳ್ಳುತ್ತದೆ, ಅದನ್ನೂ ಚಾಲೂ ಮಾಡಿದೆ. ಹಳೆಯ ನಕ್ಷೆ ದಿನಾ ಬದಲಾಗುವುದಿಲ್ಲವಲ್ಲ. ಈಗ ಕಟ್ಟೆಯ ಮೇಲೆ ನಿಂತು ತೆರೆದರೆ ಐದಾರು ಸೆಕೆಂಡಿನಲ್ಲಿ ಪೂರ್ತಿ ಕಾಣುತ್ತದೆ. ಮೊಬೈಲಿನಲ್ಲಿ ನಕ್ಷೆಯನ್ನು ಎಳೆಯುವಾಗ ಕೈ ನಿಂತ ಮೇಲಷ್ಟೇ ಹೊಸ ತುಂಡು ಕೇಳುವ ಗುಣ ಲೀಫ್‌ಲೆಟ್‌ಗೆ ಮೊದಲಿನಿಂದಲೂ ಇದೆ, ಡೇಟಾ ಉಳಿಯುತ್ತದೆ.

ತುಂಡು ಮಾಡುವುದರಿಂದ ಬರುವ ಇನ್ನೊಂದು ಕಿರಿಕಿರಿ ಹೆಸರುಗಳದು. ಗದ್ದೆಯ ಹೆಸರು ಎರಡು ತುಂಡುಗಳ ಗಡಿಯಲ್ಲಿ ಬಿದ್ದರೆ ಅರ್ಧ ಕತ್ತರಿಸಿ ಹೋಗುತ್ತದೆ, ಇಲ್ಲವೇ ಎರಡೂ ಕಡೆ ಎರಡೆರಡು ಸಲ ಬರುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಹೆಸರಿನ ತಲೆ ಒಂದು ತುಂಡಿನಲ್ಲಿ, ಒತ್ತು ಇನ್ನೊಂದರಲ್ಲಿ. ಅದಕ್ಕೂ ಮೊದಲು, ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲದ ಕಾರಣ ಎಲ್ಲ ಹೆಸರೂ ಖಾಲಿ ಪೆಟ್ಟಿಗೆಗಳಾಗಿ ಬಂದಿದ್ದವು, ನೋಟೋ ಸಾನ್ಸ್ ಕನ್ನಡ ಹಾಕಿದ ಮೇಲೆ ಸರಿಯಾಯಿತು. ಹಲವು ತುಂಡುಗಳನ್ನು ಒಟ್ಟಿಗೆ ಬಿಡಿಸಿ ಆಮೇಲೆ ಕತ್ತರಿಸುವ ವ್ಯವಸ್ಥೆ ಜಿಯೋವೆಬ್‌ಕ್ಯಾಷ್‌ನಲ್ಲಿದೆ, ಹಾಗಾಗಿ ಕತ್ತರಿಸಿದ ಹೆಸರುಗಳು ಬಹಳ ಕಡಿಮೆಯಾದವು. ಪೂರ್ತಿ ಹೋಗಿಲ್ಲ.

ಈ ಕಾರಣಕ್ಕೆ ಇಂಥದೇ ಇನ್ನೊಂದು ಸಾಧನವಾದ ಓಪನ್‌ಲೇಯರ್ಸ್ ಅನ್ನೂ ಹಚ್ಚಿ ನೋಡಿದೆ. 2006ರಿಂದ ಇರುವ ಇದು ಲೀಫ್‌ಲೆಟ್‌ಗಿಂತ ಹಿರಿಯದು. ತುಂಡಿನ ಬದಲು ಇಡೀ ತೆರೆಗೆ ಒಂದೇ ಚಿತ್ರ ಕೇಳಬಲ್ಲದು. ಹೆಸರು ಕತ್ತರಿಸುವ ಪ್ರಶ್ನೆಯೇ ಇಲ್ಲ. ಆದರೆ ಪ್ರತಿ ಸಲ ನಕ್ಷೆ ಸರಿಸಿದಾಗಲೂ ಇಡೀ ಚಿತ್ರ ಮತ್ತೆ ಬರಬೇಕು. ಕಟ್ಟೆಯ ಮೇಲಿನ ಸಿಗ್ನಲ್‌ಗೆ ಅದು ಭಾರವಾಯಿತು. ಅದರ ದೊಡ್ಡ ಗುಣ ಬೇರೆ: ಚಿತ್ರದ ಮೇಲೆ ಬೆರಳಿಟ್ಟು "ಇಲ್ಲಿ ಏನಿದೆ" ಎಂದು ಸರ್ವರನ್ನು ಕೇಳುವ ವಿಳಾಸವನ್ನು ತಾನೇ ಕಟ್ಟಿಕೊಡುತ್ತದೆ. ಸರ್ವೆ ನಂಬರ್, ಗುಂಟೆ, ಗದ್ದೆಯ ಹೆಸರು ಪಟ್ಟನೆ ಸಿಗುತ್ತವೆ. ಲೀಫ್‌ಲೆಟ್‌ನಲ್ಲಿ ಇದು ಇಲ್ಲ, ಬೇರೆಯವರು ಬರೆದ ಸೇರ್ಪಡೆ ಹುಡುಕಬೇಕು ಅಥವಾ ನಾವೇ ಬರೆಯಬೇಕು. ನಾನು ಅರ್ಧ ಅಂಕ ಕಡಿದಿರುವುದು ಇದಕ್ಕೇ. ನಕ್ಷೆ ನೋಡಿದವರು ಮೊದಲು ಮಾಡುವುದೇ ಬೆರಳಿಟ್ಟು ಕೇಳುವುದು. ಕೊನೆಗೆ ಊರಿನವರ ಮೊಬೈಲಿಗೆ ಲೀಫ್‌ಲೆಟ್, ಸಮಿತಿಯ ಲ್ಯಾಪ್‌ಟಾಪಿಗೆ ಓಪನ್‌ಲೇಯರ್ಸ್ ಎಂದು ಹಂಚಿದೆ. ಸರ್ವರ್ ಒಂದೇ, ನೋಡುವ ಕಿಟಕಿ ಎರಡು. ಡಬ್ಲ್ಯುಎಂಎಸ್ ಎಲ್ಲರೂ ಒಪ್ಪಿದ ಪದ್ಧತಿಯಾದ್ದರಿಂದ ಇದಕ್ಕೆ ಹೆಚ್ಚು ಕಷ್ಟವಾಗಲಿಲ್ಲ.

ಬೇರೆಯವರ ಸರ್ವರನ್ನು ನೆಚ್ಚುವಾಗ ತಾಳ್ಮೆ ಬೇಕು. ಒಂದು ಕಚೇರಿಯ ಸರ್ವರಿನಿಂದ ತೊರೆಗಳ ಪದರ ತೆಗೆದುಕೊಂಡಿದ್ದೆ. ಜೂನ್ ಮೊದಲ ವಾರ ಅದು ಇದ್ದಕ್ಕಿದ್ದಂತೆ ಮಾಯವಾಯಿತು. ಪುಟದಲ್ಲಿ ತಪ್ಪಿನ ಮಾತೇ ಇಲ್ಲ, ಪದರ ಇಲ್ಲ ಅಷ್ಟೇ. ಬ್ರೌಸರಿನಲ್ಲಿ ಒಂದು ತುಂಡಿನ ವಿಳಾಸವನ್ನು ನಕಲು ಮಾಡಿ ಬೇರೆಯಾಗಿ ತೆರೆದು ನೋಡಿದೆ. ಚಿತ್ರದ ಜಾಗದಲ್ಲಿ ಎಕ್ಸ್‌ಎಂಎಲ್ ಬರಹವಿತ್ತು: ಈ ಹೆಸರಿನ ಪದರ ಇಲ್ಲ ಎಂದು. ಅವರು ಪದರದ ಹೆಸರನ್ನು ಬದಲಿಸಿದ್ದರು. ಪದರ ಕಾಣದಿದ್ದಾಗ ನಾನು ಈಗ ಮೊದಲು ಮಾಡುವುದು ಇದನ್ನೇ, ಅರ್ಧ ದಿನದ ಕೆಲಸ ಐದು ನಿಮಿಷಕ್ಕೆ ಇಳಿಯುತ್ತದೆ. ಇನ್ನೊಂದು ಸರ್ವರ್ ಇನ್ನೂ ಹಳೆಯ ಎಚ್‌ಟಿಟಿಪಿ ವಿಳಾಸದಲ್ಲೇ ಇತ್ತು. ನಮ್ಮ ಪುಟ ಸುರಕ್ಷಿತವಾದ ಎಚ್‌ಟಿಟಿಪಿಎಸ್. ಬ್ರೌಸರ್ ಆ ಚಿತ್ರವನ್ನು ತೋರಿಸಲು ಒಪ್ಪಲಿಲ್ಲ, ಆ ಪದರವನ್ನು ಕೈಬಿಟ್ಟೆ.

ಮಳೆಗಾಲದ ಮಾತು ಬೇರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ, ಗಂಗಾವಳಿಯೊಳಗೆ ಮಣ್ಣು ಬಿದ್ದ ಮೇಲೆ ನಮ್ಮ ಕಡೆಯ ಜನ ಮಳೆ ಹಿಡಿದರೆ ಉಪಗ್ರಹ ಚಿತ್ರ ಕೇಳುತ್ತಾರೆ. ನಾನು ಗಿಬ್ಸ್‌ನ ದಿನದ ಚಿತ್ರಕ್ಕೆ ತಾರೀಖಿನ ಪಟ್ಟಿ ಹಾಕಿದೆ. ಲೀಫ್‌ಲೆಟ್‌ನಲ್ಲಿ ತಾರೀಖು ಬದಲಿಸಿ ಅದೇ ಪದರವನ್ನು ಮತ್ತೆ ಕೇಳಿಸುವುದು ಒಂದೇ ಸಾಲು. ಜೂನಿನಿಂದ ಸೆಪ್ಟೆಂಬರ್ ತನಕ ಎಳೆದರೆ ಕಾರವಾರದಿಂದ ಭಟ್ಕಳದವರೆಗೆ ಬಿಳಿ ಮೋಡ, ಎಲ್ಲೋ ಒಂದು ದಿನ ಕಿಂಡಿ. ಮೋಡದ ಅಡಿಯನ್ನು ಕಾಣಬೇಕಾದರೆ ಸೆಂಟಿನೆಲ್-1ರ ರೇಡಾರ್ ಚಿತ್ರ ಬೇಕು. ಅದು ನೀರನ್ನು ಕಪ್ಪಾಗಿ ತೋರಿಸುತ್ತದೆ, ಕಟ್ಟೆ ಒಡೆದು ಗದ್ದೆಗೆ ನೀರು ನುಗ್ಗಿದೆಯೇ ಎಂದು ತಿಳಿಯಲು ಅಷ್ಟು ಸಾಕು.

ಬಿಸಿಲಿನ ದಿನಗಳಲ್ಲೂ ಒಂದು ಗುಟ್ಟಿದೆ. ಸೆಂಟಿನೆಲ್-2 ನಮ್ಮ ಮೇಲೆ ಹಾಯುವುದು ಪ್ರತಿ ಸಲವೂ ಬೆಳಗಿನ ಹನ್ನೊಂದರ ಸುಮಾರಿಗೆ. ಆದರೆ ಸಮುದ್ರದ ಉಬ್ಬರ ಗಡಿಯಾರ ನೋಡಿ ಬರುವುದಿಲ್ಲ, ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ. ಒಂದು ಚಿತ್ರದಲ್ಲಿ ಹಿನ್ನೀರು ಕಟ್ಟೆಗೆ ತಾಗಿ ನಿಂತಿದ್ದರೆ ಐದು ದಿನದ ನಂತರದ ಚಿತ್ರದಲ್ಲಿ ಕೆಸರಿನ ದಿಬ್ಬ. ಮೊದಲು ನೋಡಿದ ಯುವಕರು ಹೊಳೆ ಸರಿದಿದೆ ಎಂದೇ ವಾದಿಸಿದರು. ಅಪ್ಪ ಪಂಚಾಂಗ ತಂದು ತಿಥಿ ಹೇಳಿದ. ಈಗ ಪ್ರತಿ ಚಿತ್ರದ ಪದರದ ಹೆಸರಿನಲ್ಲಿ ತಾರೀಖಿನ ಪಕ್ಕಕ್ಕೆ ತಿಥಿಯನ್ನೂ ಬರೆದಿದ್ದೇನೆ. ಉಬ್ಬರ ಇಳಿತ ಜೋರಾಗಿರುವ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ಚಿತ್ರವೆಂದರೆ ಊರಿನವರೇ ನೀರಿನ ಅಂಚನ್ನು ನಂಬುವ ಮೊದಲು ಒಮ್ಮೆ ತಡೆದು ನೋಡುತ್ತಾರೆ.

ಅರ್ಜಿ ಹೋಗಿದೆ. ಎರಡು ಪದರಗಳನ್ನು ಅರ್ಧ ಮಸುಕಿನಲ್ಲಿ ನಿಲ್ಲಿಸಿ ಮುದ್ರಿಸಿದ ಹಾಳೆಯನ್ನು ಅದರ ಜೊತೆಗೆ ಲಗತ್ತಿಸಿದೆವು. ಈಗ ನಾನು ಮಾಡುತ್ತಿರುವುದು ಗದ್ದೆಯ ಹೆಸರುಗಳ ಪದರ. ಅಂದು ಚೌಕ ಎಣಿಸಿದ ಹಿರಿಯರು ವಾರಕ್ಕೊಮ್ಮೆ ಫೋನಿನಲ್ಲಿ ನಾಲ್ಕೈದು ಹೆಸರು ಹೇಳುತ್ತಾರೆ, ಯಾವ ಬದುವಿನಿಂದ ಯಾವ ಬದುವಿನ ತನಕ ಎಂದು ವಿವರಿಸುತ್ತಾರೆ, ನಾನು ಗೆರೆ ಎಳೆದು ಏರಿಸುತ್ತೇನೆ. ಹೊರಗೆ ಉಳಿದ ಆ ಮೂವತ್ತೊಂದು ಗುಂಟೆಗೂ ಹೆಸರು ಇದೆಯಂತೆ. ಬರುವ ಭಾನುವಾರ ಹೇಳುತ್ತೇನೆ ಎಂದಿದ್ದಾರೆ.